ಎರಡೂ ಕೈಗೆ ಚಹಾ

ಆ ಊರಿಗೆ ನಾನು ಬೇಕೆಂದು ಹೋದವನಲ್ಲ. ನನ್ನ ಗಾಡಿ ಅಲ್ಲಿ ನಿಂತಿತು, ಹಾಗಾಗಿ ನಾನೂ ನಿಂತೆ. ಹಿಂದೆ ಬ್ರೆಡ್ಡು, ಬನ್ನು, ಟೋಸ್ಟು ತುಂಬಿದ ತಗಡಿನ ಪೆಟ್ಟಿಗೆ, ಮುಂದೆ ಬಿಸಿಲು, ನಡುವೆ ನಾನು. ಇಳಿಜಾರಿನಲ್ಲಿ ಎರಡು ಸಲ ಕೆಮ್ಮಿದ ನನ್ನ ಹಳೆಯ ಮೋಟರ್‌ಸೈಕಲ್ಲು ಮೌಲಾಲಿಯ ಚಹಾದಂಗಡಿಯ ಎದುರಿಗೆ ಬಂದು ಪ್ರಾಣ ಬಿಟ್ಟಿತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಐದಾರು ಜನ ಕೂತಿದ್ದರು. ಕಿಕ್ ಹೊಡೆದೆ, ಹೊಡೆದೆ, ಬೆವರು ಕಣ್ಣಿಗಿಳಿಯಿತು. ಒಬ್ಬರೂ ಏಳಲಿಲ್ಲ. ಸೀಟಿನ ಕೆಳಗಿಂದ ನಾನು ನಟ್ಟು ಬಿಚ್ಚುವ ಪಾನಾ ಹೊರತೆಗೆದದ್ದೇ ತಡ, ಎಲ್ಲರೂ ಒಂದೇ ದನಿಯಲ್ಲಿ "ಮೌಲಾಲಿ, ಎರಡೆರಡು!" ಎಂದು ಕೂಗಿದರು. ದಪ್ಪ ಮೈಯ ಮೌಲಾಲಿ ಅಷ್ಟು ಚುರುಕಾಗಿ ಓಡಬಲ್ಲನೆಂದು ನೋಡಿದವರು ಯಾರೂ ನಂಬಲಿಕ್ಕಿಲ್ಲ. ಒಬ್ಬೊಬ್ಬರ ಬಲಗೈಗೊಂದು, ಎಡಗೈಗೊಂದು ತುಂಬಿದ ಗ್ಲಾಸು ಇಟ್ಟ. ಆಮೇಲೆ ಅವರೆಲ್ಲ ಎದ್ದು ಬಂದು ನನ್ನ ಸುತ್ತ ನಿಂತರು. ಚಹಾ ಕುಡಿಯಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತರು.

ಎಂಥ ಕಲ್ಲೆದೆಯ ಊರಪ್ಪಾ ಇದು ಅಂದುಕೊಂಡೆ. "ಯಾರಾದ್ರೂ ಸ್ವಲ್ಪ ಕೈ ಹಚ್ಚಿರಿ" ಎಂದು ಬಾಯಿಬಿಟ್ಟು ಕೇಳಿಯೂಬಿಟ್ಟೆ. ಕೇಳಬಾರದ ಬೈಗುಳ ಕೇಳಿದವರಂತೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬನ ಗ್ಲಾಸಿನಿಂದ ಚಹಾ ತುಳುಕಿ ಕೈ ಸುಟ್ಟಿತು, ಆದರೂ ಬಿಡಲಿಲ್ಲ.

"ಕೈ ಒಂದ್ ಬಿಟ್ಟು ಬ್ಯಾರೆ ಏನರ ಕೇಳು ತಮ್ಮಾ" ಎಂದು ಅವರ ಹಿಂದಿನಿಂದ ಒಂದು ದನಿ ಬಂತು. "ಕಿವಿ ಕೇಳು. ಕೊಡತೀನಿ."

ಅರವತ್ತರ ಹತ್ತಿರದ ಹೆಂಗಸು. ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದಳು, ಕೂದಲಲ್ಲೆಲ್ಲ ಬಿಳಿಯ ಧೂಳು. ಅದು ವಯಸ್ಸಿನ ಬಿಳಿಯಲ್ಲ, ಕಲ್ಲಿನ ಪುಡಿ ಎಂದು ಆಮೇಲೆ ತಿಳಿಯಿತು. ಅವಳ ಎರಡೂ ಕೈಯಲ್ಲೂ ಚಹಾ ಇತ್ತು. "ಇನ್ನೊಂದ್ ಕಿಕ್ ಹೊಡಿ" ಎಂದು ಕಣ್ಣು ಮುಚ್ಚಿದಳು. ಹೊಡೆದೆ. "ಹೂಂ. ಪ್ಲಗ್ಗಿಗೆ ಕರಿ ಕುಂತೈತಿ. ಅಷ್ಟ ಅಲ್ಲ, ಕಿಡಿ ಕೊಡೂ ಪಾಯಿಂಟ್ ಸುಟ್ಟೈತಿ. ಎಷ್ಟ್ ವರ್ಷ ಆತು ಈ ಗಾಡಿ ನಿನ್ನ ಕಡೆ ಬಂದು?"

"ಆರು."

"ಒಂದ್ ದಿನಾನೂ ಒಳಗ ಹಣಿಕಿ ನೋಡಿಲ್ಲ?"

ನಾನು ತಲೆ ತಗ್ಗಿಸಿದೆ. ಸುತ್ತ ನಿಂತವರು ನಕ್ಕರು. ಅವಳು ನಗಲಿಲ್ಲ. "ಪಾನಾ ಹಚ್ಚು. ಎಡಕ್ಕ ತಿರುವು. ನಿನ್ನ ಎಡ ಅಲ್ಲೋ ಮಾರಾಯಾ, ಅದರ ಎಡ. ಬಿಗಿ ಐತಿ ಅಂತ ಒದರಬ್ಯಾಡ, ಆರು ವರ್ಷ ಯಾರೂ ಮಾತಾಡಿಸದಿದ್ರ ನೀನೂ ಬಿಗೀತಿದ್ದಿ."

ಅವಳ ಹೆಸರು ಫಕ್ಕೀರವ್ವ. ಆ ದಿನ ಮಧ್ಯಾಹ್ನದವರೆಗೆ ಅವಳು ಹೇಳಿದಳು, ನಾನು ಮಾಡಿದೆ. ಗಾಡಿ ಶುರುವಾದಾಗ ಸುತ್ತ ನಿಂತ ಜನ ಆರಿಹೋದ ಚಹಾವನ್ನು ಗಟಗಟ ಕುಡಿದು ಗ್ಲಾಸು ಮೇಲೆತ್ತಿದರು. ನನಗೋ, ಆರು ವರ್ಷ ಜೊತೆಗೆ ಬಾಳಿದವಳ ಹೆಸರು ಅಂದೇ ಗೊತ್ತಾದಷ್ಟು ನಾಚಿಕೆ ಮತ್ತು ಅಷ್ಟೇ ಖುಷಿ. ಒಂದು ರಾತ್ರಿ ಇದ್ದು ಹೋಗೋಣ ಎಂದವನು ಮೌಲಾಲಿಯ ಅಟ್ಟದ ಕೋಣೆ ಹಿಡಿದು ಅಲ್ಲಿಯೇ ಉಳಿದುಬಿಟ್ಟೆ.

ಆ ಊರಲ್ಲಿ ಗ್ಯಾರೇಜಿಲ್ಲ. ಗಾಡಿಯ ಸ್ಕ್ರೂ ಒಂದನ್ನು ಪರರ ಕೈ ಮುಟ್ಟಿ ತಿರುವಿದರೆ ಸಾಕು, ಗಾಡಿ ಮೂಕವಾಗುತ್ತದೆ. ತಿರುವಿದವನಿಗೂ ಓಡದು, ಒಡೆಯನಿಗೂ ಓಡದು. ಯಾರಾದರೂ ಒಬ್ಬರೇ ಕೂತು ಪ್ಲಗ್ಗು, ಪಾಯಿಂಟು, ಕಾರ್ಬೊರೇಟರು, ಚೈನು ನಾಲ್ಕನ್ನೂ ತಮ್ಮ ಕೈಯಿಂದಲೇ ಬಿಚ್ಚಿ ಕೂಡಿಸಿದರೆ ಮತ್ತೆ ಮಾತಾಡುತ್ತದೆ. ಆದರೆ ಆಗ ಅದು ಆ ಕೈಯ ಗಾಡಿ. ನಾನು ಹೊಸಬ, ನಗುತ್ತೇನೆಂದು ಅವರು ಕಾದರು, ನಾನು ನಗಲಿಲ್ಲ. ನನ್ನೂರಲ್ಲಿ ಮೆಕ್ಯಾನಿಕ್ಕು ಮುಟ್ಟಿದ ಮೇಲೆ ನನ್ನ ಗಾಡಿ ಎಂದಾದರೂ ನನ್ನ ಮಾತು ಕೇಳಿತ್ತೇ?

ಊರು ಅದಕ್ಕೆ ಹೊಂದಿಕೊಂಡಿತ್ತು. ಅಳಿಯನಿಗೆ ಗಾಡಿ ಕೊಡುವ ಮಾವ ಚಪ್ಪರದ ಪಕ್ಕದಲ್ಲೇ ಪಾನಾದ ಚೀಲವನ್ನೂ ಇಡುತ್ತಿದ್ದ; ಮದುಮಗ ಅರಿಶಿನದ ಕೈಯಲ್ಲಿ ಕಾರ್ಬೊರೇಟರು ಕೂಡಿಸುವಾಗ ಹೆಣ್ಣಿನ ಕಡೆಯ ಮುದುಕಿಯರು ಎರಡೂ ಕೈಗೆ ಚಹಾ ಹಿಡಿದು "ಜೋಕೆ, ಫ್ಲೋಟು ಉಲ್ಟಾ ಇಟ್ಟೀಯಪ್ಪಾ" ಎನ್ನುತ್ತಿದ್ದರು. ಗಾಡಿ ಕಳ್ಳತನ ಇರಲೇ ಇಲ್ಲ, ಒಂದು ಸಲ ಬಿಟ್ಟು. ಹೊರಗಿನಿಂದ ಬಂದ ಕಳ್ಳನೊಬ್ಬ ಒಮ್ಮೆ ಸಂತೆಯ ದಿನ ನಡುಬೀದಿಯಲ್ಲಿ ಕೂತು ಯಾರದೋ ಗಾಡಿ ಬಿಚ್ಚಿದ್ದನಂತೆ. ಅವನ ಕೈ ಎಷ್ಟು ಒರಟೆಂದರೆ ಊರವರಿಗೆ ನೋಡಿ ತಡೆಯಲಾಗಲಿಲ್ಲ. "ಅಂವ ಕಳ್ಳ ಅಂತ ಗೊತ್ತಿತ್ರಿ" ಎಂದು ಮೌಲಾಲಿ ಇವತ್ತಿಗೂ ಹೇಳುತ್ತಾನೆ, "ಆದ್ರ ವಾಷರ್ ಬಿಟ್ಟು ನಟ್ ಬಿಗಿಯಾಕತ್ತಿದ್ದ. ಕಣ್ಣಿಂದ ನೋಡಿ ಬಾಯಿ ಹೆಂಗ್ ಮುಚ್ಚಿಕೊಂಡಿರೂದು?" ಎಲ್ಲರೂ ಹೇಳಿಕೊಟ್ಟರು, ಕಳ್ಳ ಕೂಡಿಸಿದ, ಗಾಡಿ ಹೋಯಿತು. ಒಡೆಯನೂ ಹೇಳಿಕೊಟ್ಟವರಲ್ಲಿ ಒಬ್ಬ.

ಮೂರು ವರ್ಷದಲ್ಲಿ ನಾನು ಕಲಿತದ್ದೆಲ್ಲ ಕಿವಿಯಿಂದ. ಪುಸ್ತಕವಿಲ್ಲ, ಗುರುವಿನ ಕೈ ನೋಡಿ ಕಲಿಯುವಂತೆಯೂ ಇಲ್ಲ. ಒಮ್ಮೆ ಘಾಟಿಯ ನಡುವೆ ಕ್ಲಚ್ಚಿನ ವೈರು ಕಡಿದು, ಮುನ್ನೂರು ಬನ್ನಿನೊಂದಿಗೆ ಒಂದು ಬಂಡೆಯ ಕೆಳಗೆ ಮಳೆ ನೋಡುತ್ತ ಕೂತೆ. ಹದಿನಾಲ್ಕು ಬನ್ನು ತಿಂದೆ, ವೈರಿನ ತುದಿಗೆ ಗಂಟು ಹಾಕಿ ಎರಡನೇ ಗೇರಿನಲ್ಲೇ ಊರು ಸೇರಿದೆ. ಒಮ್ಮೆ ಚೈನನ್ನು ಅತಿ ಬಿಗಿದೆ, ಗಾಡಿ ನರಳುತ್ತ ಓಡಿತು. "ಹೆಂಡ್ತಿ ಮ್ಯಾಲ ಸಂಶಯ ಪಡೋ ಗಂಡನ ಹಂಗ ಬಿಗಿದಿ ನೋಡು" ಅಂದಳು ಫಕ್ಕೀರವ್ವ, "ಒಂದ್ ಬೆರಳು ಜೋಲು ಇರ್ಲಿ." ಆದರೆ ಬೆಳಗಿನ ತಂಪಿನಲ್ಲಿ, ಟ್ಯಾಪೆಟ್ಟು ನಾನೇ ಹೊಂದಿಸಿ, ಪ್ಲಗ್ಗು ನಾನೇ ಉಜ್ಜಿ, ಏರು ಹತ್ತುವಾಗ ಗಾಡಿ ತಾನಾಗಿ ದಮ್ಮು ಹಿಡಿದು ಎಳೆಯುವ ಆ ಒಂದು ಕ್ಷಣಕ್ಕೆ ಉಗುರಲ್ಲಿ ಸೇರಿಹೋದ ಕರಿಯೆಲ್ಲ ಸಾರ್ಥಕ.

ಫಕ್ಕೀರವ್ವನ ಕೆಲಸ ಗಿರಣಿ ಕಲ್ಲಿಗೆ ಹಲ್ಲು ಹಾಕುವುದು. ಹಿಟ್ಟಿನ ಗಿರಣಿಯ ಕಲ್ಲು ತಿರುಗಿ ತಿರುಗಿ ನುಣ್ಣಗಾಗುತ್ತದಲ್ಲ, ಆಗ ಉಳಿ ಸುತ್ತಿಗೆ ಹಿಡಿದು ಅದರ ಮೈಮೇಲೆ ಮತ್ತೆ ಗೀರು ಕೊರೆಯಬೇಕು. ಸುತ್ತ ಹನ್ನೊಂದು ಹಳ್ಳಿಯ ಹನ್ನೊಂದು ಗಿರಣಿಗೆ ಅವಳೊಬ್ಬಳೇ. ನೀಲಿ ಟ್ಯಾಂಕಿನ ಗಾಡಿ, ಪಕ್ಕಕ್ಕೆ ಉಳಿಯ ಚೀಲ, ಗಾಳಿಗೆ ಹಾರುವ ಸೆರಗನ್ನು ಸೊಂಟಕ್ಕೆ ಕಟ್ಟಿ ಹೊರಟಳೆಂದರೆ ಹೊಲದಲ್ಲಿ ಕಳೆ ಕೀಳುವವರು ಎದ್ದು ನೋಡುತ್ತಿದ್ದರು. ಕಲ್ಲಿನ ದನಿ ಕೇಳಿ ಕೇಳಿಯೇ ಅವಳಿಗೆ ಎಂಜಿನ್ನಿನ ಕಿವಿ ಬಂದದ್ದಂತೆ. "ಕಲ್ಲು ಸುಳ್ಳು ಹೇಳಂಗಿಲ್ಲ, ಎಂಜಿನ್ನೂ ಹೇಳಂಗಿಲ್ಲ. ಮನುಷ್ಯಾ ಹೇಳತಾನ, ಅದಕ್ಕ ನಾ ಮನುಷ್ಯಾರ ಮಾತು ಅರ್ಧಾ ಕೇಳತೀನಿ" ಎನ್ನುತ್ತಿದ್ದಳು. ನನ್ನ ಮಾತಂತೂ ಅವಳು ಕಾಲುಪಾಲೂ ಕೇಳುತ್ತಿರಲಿಲ್ಲ.

ನಾಲ್ಕನೆಯ ವರ್ಷ ಅವಳ ಗಾಡಿ ಕೆಮ್ಮತೊಡಗಿತು. ನಿಲ್ಲಿಸಿದಲ್ಲಿ ಏರಿಳಿಯುತ್ತ ಓಡುತ್ತಿತ್ತು, ಹೊಗೆಯಲ್ಲಿ ಕಪ್ಪು. ಕಾರ್ಬೊರೇಟರಿನ ಏರ್ ಸ್ಕ್ರೂ ಸರಿದಿದೆ ಎಂದು ಅವಳಿಂದಲೇ ಕಲಿತ ನನ್ನ ಕಿವಿ ಹೇಳಿತು. ಅವಳಿಗೆ ಗೊತ್ತಿರಲಿಲ್ಲವೇ? ಆಮೇಲೆ ಒಂದು ದಿನ ಅವಳು ಚಹಾದ ಗ್ಲಾಸನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತುವುದನ್ನು ಕಂಡೆ. ನಲವತ್ತು ವರ್ಷದ ಸುತ್ತಿಗೆಯ ಪೆಟ್ಟು. ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ. ಸಣ್ಣ ಸ್ಕ್ರೂಡ್ರೈವರು ಅವಳ ಮುಷ್ಟಿಯೊಳಗೆ ಜಾರಿ ತಿರುಗುತ್ತಿತ್ತು. ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ.

ತಪ್ಪು ಆದದ್ದು ಒಂದು ಬುಧವಾರ ಬೆಳಿಗ್ಗೆ. ಆವತ್ತು ಮೌಲಾಲಿಯ ಹಾಲು ಒಡೆದಿತ್ತು. ಯಾರ ಕೈಯಲ್ಲೂ ಚಹಾ ಇರಲಿಲ್ಲ. ಫಕ್ಕೀರವ್ವ ಬಂದಳು, ಎಂಜಿನ್ ಬಂದ್ ಮಾಡದೆ ಗಾಡಿ ನಿಲ್ಲಿಸಿದಳು (ಬಂದ್ ಮಾಡಿದರೆ ಮತ್ತೆ ಹಿಡಿಯಲು ಕಷ್ಟ ಎಂದು), ಮುಖ ತೊಳೆಯಲು ಹಿತ್ತಿಲಿಗೆ ಹೋದಳು. ಗಾಡಿ ನನ್ನ ಮೊಣಕಾಲಿನ ಪಕ್ಕದಲ್ಲಿ ನಿಂತು ಕೆಮ್ಮುತ್ತಿತ್ತು. ನನ್ನ ಜೇಬಿನಲ್ಲಿ ಸ್ಕ್ರೂಡ್ರೈವರು ಇತ್ತು. ಕೈ ಖಾಲಿ ಇತ್ತು. ನಾನು ವಿಚಾರ ಮಾಡಿದೆ ಎಂದರೆ ಸುಳ್ಳಾಗುತ್ತದೆ. ಕೈ ತಾನೇ ಹೋಯಿತು. ಕಾಲು ಸುತ್ತು ತಿರುವಿತು, ಅಷ್ಟೇ.

ಕೆಮ್ಮು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಆ ಎಂಜಿನ್ನು ನಾನು ಯಾವ ಎಂಜಿನ್ನಿನಲ್ಲೂ ಕೇಳದಂಥ ದನಿಯಲ್ಲಿ, ಒಳ್ಳೆ ಹದದ ಬೀಸುವ ಕಲ್ಲಿನಂತೆ, ಗುಂಡಾಗಿ, ತುಂಬಿಕೊಂಡು ಹಾಡಿತು. ಆಮೇಲೆ ಆರಿತು.

ಫಕ್ಕೀರವ್ವ ಮುಖದಿಂದ ನೀರಿಳಿಸುತ್ತ ಬಾಗಿಲಲ್ಲಿ ನಿಂತಿದ್ದಳು. ಬಂದು ಕಿಕ್ ಹೊಡೆದಳು. ಹನ್ನೆರಡು ಸಲ. ಕಟ್ಟೆಯ ಮೇಲಿನವರೆಲ್ಲ ನೆಲ ನೋಡಿದರು.

"ಯಾರ ಕೈ?"

ನಾನು ಸ್ಕ್ರೂಡ್ರೈವರು ಹಿಡಿದ ಕೈಯನ್ನೇ ಎತ್ತಿದೆ.

"ನಂದ ತಪ್ಪು ಫಕ್ಕೀರಕ್ಕಾ" ಎಂದು ಮೌಲಾಲಿ ಒಳಗಿಂದ ಓಡಿ ಬಂದ, "ಹಾಲು ಒಡೀತು. ಕರೀ ಚಹಾ ಆದ್ರೂ ಮಾಡಿ ಕೈಗಿಡಬೇಕಿತ್ತು ನಾ."

"ಹಾಲಿಗ್ಯಾಕ ಬೈತಿ?" ಎಂದಳು. ಅವಳು ಬೈದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಟ್ಯಾಂಕಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಉಳಿಯ ಚೀಲ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ನನ್ನ ಕೈಲೆ ಇನ್ನ ಬಿಚ್ಚೂದು ಕೂಡಿಸೂದು ಆಗಂಗಿಲ್ಲ, ನಿನಗೂ ಗೊತ್ತೈತಿ. ನೀನ ಬಿಚ್ಚಿ ಕೂಡಿಸು. ನೀನ ಇಟ್ಕೋ. ಬಿಸಲಾಗ ನಿಲ್ಲಿಸಬ್ಯಾಡ, ಸೀಟು ಸೀಳತೈತಿ."

ಅವಳು ನಡೆದು ಹೋದಳು. ಹನ್ನೊಂದು ಹಳ್ಳಿ ನಡೆದೇ! ವಾರಕ್ಕೊಂದು ಗಿರಣಿ ಮುಟ್ಟಿದರೆ ಹೆಚ್ಚು. ತಿಂಗಳೊಳಗೆ ಊರಿನ ರೊಟ್ಟಿಯಲ್ಲಿ ಹಿಟ್ಟು ಒರಟಾಯಿತು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ನನ್ನ ಬ್ರೆಡ್ಡಿನ ಮಾರಾಟ ಹೆಚ್ಚಾಯಿತು. ಅದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ. ನೀಲಿ ಗಾಡಿ ಮೌಲಾಲಿಯ ಬಿದಿರು ತಟ್ಟಿಯ ನೆರಳಲ್ಲಿ ನಿಂತೇ ಇತ್ತು. ನಾನು ಬಿಚ್ಚಲಿಲ್ಲ. ಬಿಚ್ಚುವವರು ಊರಲ್ಲಿ ನೂರು ಜನ ಇದ್ದರು, ಎಲ್ಲರೂ ಅವಳ ಬಾಯಿಂದ ಕಲಿತವರೇ. ಅದರ ಹತ್ತಿರ ಹಾಯುವಾಗ ಅವರೆಲ್ಲ ಕೈ ಕಟ್ಟಿಕೊಂಡು ನಡೆಯುತ್ತಿದ್ದರು.

ಕೊನೆಗೆ ಒಂದು ದಿನ ಬ್ರೆಡ್ಡಿನ ಪೆಟ್ಟಿಗೆ ಇಳಿಸಿ, ದಾರಿಯಲ್ಲಿ ಅಡ್ಡ ಹಾಕಿ, ಕಾಡಿಬೇಡಿ ಅವಳನ್ನು ನನ್ನ ಹಿಂದೆ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಅವಳ ಬಾಯಿ ಸುಮ್ಮನಿರಲಿಲ್ಲ. "ಗೇರ್ ಇಳಿಸು. ಇನ್ನೂ ಯಾಕ ಇಳಿಸವಲ್ಲಿ? ಅಳಾಕತ್ತೈತಿ ಅದು, ಕೇಳವಲ್ದೇನು?" ಗಿರಣಿಯ ಮುಂದೆ ಇಳಿದವಳು ಸೀರೆ ಜಾಡಿಸಿಕೊಂಡು ಅಂದಳು: "ಇನ್ನ ಸಾಕು ತಮ್ಮಾ. ಹಿಂದ ಕುಂತ್ರ ಊರು ಹೋಗೂದ ಕಾಣತೈತಿ. ಮುಂದ ಕುಂತ್ರ ಊರು ಬರತೈತಿ. ನನಗ ಬರೂದ ನೋಡಿ ರೂಢಿ."

ನಾನು ಅಪರಾಧಿಯಂತೆ ಗಿರಣಿಯ ಮೂಲೆಯಲ್ಲಿ ನಿಂತೆ. ಅವಳು ಚಕ್ಕಳಮಕ್ಕಳ ಹಾಕಿ ಕಲ್ಲಿನ ಮುಂದೆ ಕೂತು ಉಳಿ ತೆಗೆದಳು. ಆಗ ಕಂಡೆ. ಚಹಾದ ಗ್ಲಾಸು ಹಿಡಿಯಲಾಗದ ಕೈ ಉಳಿಯನ್ನು ಗಪ್ಪನೆ ಹಿಡಿಯಿತು. ನಲವತ್ತು ವರ್ಷದಲ್ಲಿ ಆ ಬೆರಳುಗಳು ಉಳಿಯ ದಪ್ಪಕ್ಕೇ ನಿಂತುಬಿಟ್ಟಿದ್ದವು, ಅದಕ್ಕಿಂತ ತೆಳ್ಳಗಿನದು ಜಾರುತ್ತಿತ್ತು, ಗ್ಲಾಸಿನಷ್ಟು ದಪ್ಪನೆಯದು ಹಿಡಿತಕ್ಕೆ ಬರುತ್ತಿರಲಿಲ್ಲ. ಉಳಿ ಮಾತ್ರ ಅಲ್ಲಿ ಮನೆ ಮಾಡಿತ್ತು. ಅವಳು ನೀರು ಕುಡಿಯಲು ಎದ್ದಾಗ ಊಟಕ್ಕೆಂದು ತಂದಿದ್ದ ಬನ್ನಿನ ಪೊಟ್ಟಣದ ದಾರ ಬಿಚ್ಚಿ ಉಳಿಯ ಸುತ್ತಳತೆ ತೆಗೆದುಕೊಂಡು ಜೇಬಿಗಿಟ್ಟೆ.

ಎಂಟು ದಿನ ಅಟ್ಟದಿಂದ ಇಳಿಯಲಿಲ್ಲ. ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ, ಮೇಲೆ ಗೋಣಿಯ ಹುರಿ ಸುತ್ತಿ, ದಾರದಿಂದ ಅಳೆದು, ಬಿಚ್ಚಿ, ಮತ್ತೆ ಸುತ್ತಿ, ಐದು ಪಾನಾ, ಎರಡು ಸ್ಕ್ರೂಡ್ರೈವರು, ಒಂದು ಇಕ್ಕಳದ ಹಿಡಿಗಳನ್ನು ಉಳಿಯ ದಪ್ಪಕ್ಕೆ ತಂದೆ. ಬ್ರೆಡ್ಡಿನ ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅವಳ ಮುಂದಿಟ್ಟೆ. ಅವಳು ಒಂದನ್ನು ಎತ್ತಿದಳು. ಮುಷ್ಟಿ ಅದರ ಸುತ್ತ ಮುಚ್ಚಿತು. ತಿರುವಿ ನೋಡಿದಳು, ಜಾರಲಿಲ್ಲ. ಮೂಗಿನ ಹತ್ತಿರ ತಂದಳು.

"ಬನ್ನಿನ ವಾಸನಿ ಬರತೈತಿ" ಅಂದಳು. "ನಾಳೆ ಮುಂಜಾನೆ. ಮೌಲಾಲಿಗೆ ಹಾಲು ಒಡೀದಂಗ ನೋಡ್ಕೋ ಅಂತ ಹೇಳು."

ಮರುದಿನ ಕಟ್ಟೆಯ ಮುಂದೆ ಜಾತ್ರೆಯಷ್ಟು ಜನ. ಮೌಲಾಲಿ ಪಕ್ಕದ ಮನೆಗಳಿಂದ ಗ್ಲಾಸು ತರಿಸಿದ್ದ. ಅವನಿಗೊಂದು ಅನುಮಾನ. "ಪಾನಾ ಸುತ್ತಿದ ಕೈ ಇವಂದು, ತಿರುವೂ ಕೈ ಆಕಿದು. ಗಾಡಿ ಯಾರ ಕೈ ಅಂತ ತಿಳಿಕೋಬೇಕು?" ಯಾರಿಗೂ ಗೊತ್ತಿರಲಿಲ್ಲ. ಇಂಥದ್ದು ಆ ಊರಲ್ಲಿ ಹಿಂದೆ ಆಗಿರಲಿಲ್ಲ. ಇಡೀ ದಿನ ದುಡಿದು ಗಾಡಿ ಮೂಕವಾಗೇ ಉಳಿದರೆ ಅವಳು ಇನ್ನೊಮ್ಮೆ ಬಿಚ್ಚಲಾರಳು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ನನ್ನ ಎರಡೂ ಕೈಗೆ ಚಹಾ ಬಂತು. ಸುಡುಸುಡುವ, ಅಂಚಿನವರೆಗೆ ತುಂಬಿದ ಚಹಾ. ಅವಳು ನೆಲಕ್ಕೆ ಗೋಣಿ ಹಾಸಿ ಕೂತಳು. ಪ್ಲಗ್ಗು ಬಂತು. ಚೈನು ಇಳಿಯಿತು. ಪಾಯಿಂಟಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಒಂದು ಸ್ಕ್ರೂಗೆ ಒಂದು ಗ್ಲಾಸು ಆರುವಷ್ಟು ಹೊತ್ತು. ನನ್ನ ಕೈಗಳು ಒಳಗೊಳಗೇ ನೆಗೆಯುತ್ತಿದ್ದವು, ಚಹಾ ಅವನ್ನು ಹಿಡಿದಿತ್ತು. ಕೈ ಹಚ್ಚದೆ ನೋಡುತ್ತ ನಿಲ್ಲುವುದು ಎಷ್ಟು ದೊಡ್ಡ ಕೆಲಸ, ಆ ಊರಿನ ಜನ ಎಂಥ ಪ್ರೀತಿಯವರು ಎಂದು ನನಗೆ ತಿಳಿದದ್ದು ಅಂದು.

"ಬಾಯಿಗೇನು ಬನ್ ತುರುಕ್ಕೊಂಡೀಯೇನು?" ಎಂದು ಅವಳು ಸಿಡಿದಳು. "ನಾ ನಿನಗ ಹೇಳಿದ್ದೆಲ್ಲ ಎಲ್ಲಿ ಹೋತು? ಹೇಳು. ಬಿಚ್ಚೋವ್ರನ್ನ ಒಬ್ಬಂಟಿ ಬಿಡಬಾರದು."

ನಾನು ಹೇಳತೊಡಗಿದೆ. ಎಲ್ಲ ಅವಳಿಗೆ ಗೊತ್ತಿದ್ದದ್ದೇ, ಅವಳಿಂದಲೇ ಬಂದದ್ದು. "ಎಡಕ್ಕ ಅಕ್ಕಾ. ಅದರ ಎಡ. ಈಗ ಮೆಲ್ಲಕ." ಅವಳು ಮಗ್ಗಿ ಕೇಳುವ ಮಾಸ್ತರರಂತೆ ಹೂಂ ಹೂಂ ಅನ್ನುತ್ತ ಮಾಡಿದಳು. ಏರ್ ಸ್ಕ್ರೂ ಬಿಚ್ಚುವಾಗ ಮಾತ್ರ ಕೈ ಎತ್ತಿ ನನ್ನನ್ನು ಸುಮ್ಮನಾಗಿಸಿ, ತುಟಿಯಲ್ಲೇ ಏನೋ ಎಣಿಸಿಕೊಂಡಳು.

ಕಾರ್ಬೊರೇಟರಿನ ಜೆಟ್ಟು ಜೋಳದ ಕಾಳಿನಷ್ಟು ಚಿಕ್ಕ ಹಿತ್ತಾಳೆ. ಒರೆಸಿ ಇಡುವಾಗ ಅವಳ ಬೆರಳಿನಿಂದ ಹಾರಿ ಧೂಳಿಗೆ ಬಿತ್ತು. ಜನವೆಲ್ಲ ಒಟ್ಟಿಗೆ ಬಗ್ಗಿದರು, ಚಹಾ ತುಳುಕಿತು. ನಾನೂ ಬಗ್ಗಿದೆ, ಎಡಗೈಯ ಗ್ಲಾಸು ವಾಲಿ ಬಿಸಿ ಚಹಾ ಮಣಿಕಟ್ಟಿನವರೆಗೆ ಹರಿಯಿತು. ಬಿಡಲಿಲ್ಲ. "ಯಾರೂ ಹೆಜ್ಜಿ ಕೀಳಬ್ಯಾಡ್ರಿ!" ಎಂದು ಕೂಗಿದೆ. "ಅಕ್ಕಾ, ನನ್ನ ಎಡಗಾಲಿನ ಹೆಬ್ಬೆಟ್ಟಿನ ಮುಂದ. ಒಂದ್ ಗೇಣು. ಹೊಳೆಯಾಕತ್ತೈತಿ."

ಕಂಡಳು. ಆದರೆ ಅಷ್ಟು ಚಿಕ್ಕದನ್ನು ಹೆಕ್ಕುವ ಬೆರಳು ಅವಳಿಗಿರಲಿಲ್ಲ, ನನ್ನ ಇಕ್ಕಳ ಅದಕ್ಕೆ ದೊಡ್ಡದು. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಅವಳು ಕೈ ತೊಡೆಯ ಮೇಲಿಟ್ಟು ಉಸಿರು ಬಿಟ್ಟಳು. ಆಮೇಲೆ ನನ್ನ ಗಾಡಿಯ ಪೆಟ್ಟಿಗೆಯ ಕಡೆ ನೋಡಿದಳು.

"ಲೇ ಬ್ರೆಡ್ಡಿನವನ, ಇವತ್ತಿನ ಬನ್ ಮೆತ್ತಗದಾವೇನು?"

"ಮುಂಜಾನಿವು, ಅಕ್ಕಾ."

ಎದ್ದು ಹೋಗಿ ಒಂದು ಬನ್ನು ತಂದು, ಹರಿದು, ಒಳಗಿನ ಮೆದುವನ್ನು ಜೆಟ್ಟಿನ ಮೇಲೆ ಒತ್ತಿದಳು. ಬನ್ನಿಗೆ ಅಂಟಿಕೊಂಡು ಜೆಟ್ಟು ಮೇಲೆದ್ದು ಬಂತು. ಪೆಟ್ರೋಲಿನಲ್ಲಿ ಅದ್ದಿ, ಬಾಯಿಂದ ಊದಿ, ಹುರಿ ಸುತ್ತಿದ ಸ್ಕ್ರೂಡ್ರೈವರಿನಿಂದ ಕೂರಿಸಿದಳು. "ನಾ ಇಷ್ಟ್ ವರ್ಷ ಬನ್ ತಿನ್ನಾಕ ಅಂತ ತಿಳಿದಿದ್ದೆ" ಅಂದ ಮೌಲಾಲಿ. ಅವನ ಕಣ್ಣು ಒದ್ದೆಯಾಗಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಲ್ಕೂ ಕೂಡಿದವು. ಅವಳು ಎದ್ದು ಸೊಂಟ ನೆಟ್ಟಗೆ ಮಾಡಿ ಕಿಕ್ ಹೊಡೆದಳು. ಇಲ್ಲ. ಇನ್ನೊಂದು. ಇಲ್ಲ. ಕಟ್ಟೆಯೇ ಉಸಿರು ಹಿಡಿದಂತಾಯಿತು. ಪಾನಾ ಸುತ್ತಿದ ಕೈ ನನ್ನದು, ಎರಡನೆಯ ಸಲವೂ ನಾನೇ ಕೆಡಿಸಿದೆ ಅಂದುಕೊಂಡೆ.

ಅವಳು ನನ್ನ ಕಡೆ ತಿರುಗಿದಳು. "ಕಿವಿ ಕೊಡು. ನನಗೀಗ ನನ್ನ ಎದಿ ಬಡಿಯೂದ ಬಿಟ್ಟು ಏನೂ ಕೇಳವಲ್ದು."

ನಾನು ಕಣ್ಣು ಮುಚ್ಚಿದೆ. ಅವಳು ಹೊಡೆದಳು. ಒಣ ದನಿ. ಬಾಯಾರಿದವನು ಉಗುಳು ನುಂಗಿದಂತೆ. ಇದು ಮುನಿಸಲ್ಲ. ಇದು...

"ಅಕ್ಕಾ" ಎಂದೆ, "ಕಾಕ್."

ಬಿಚ್ಚುವ ಮೊದಲು ಬಂದ್ ಮಾಡಿದ ಪೆಟ್ರೋಲ್ ಕಾಕ್ ಹಾಗೆಯೇ ಇತ್ತು. ಅಷ್ಟು ಜನ, ಅಷ್ಟು ಕಣ್ಣು, ಒಬ್ಬರಿಗೂ ಹೊಳೆದಿರಲಿಲ್ಲ! ನಗು ಕಟ್ಟೆಯಿಂದ ಬೀದಿಯ ಕೊನೆಯವರೆಗೆ ಹೋಯಿತು. ಅವಳು ಹೆಬ್ಬೆರಳಿನ ಬುಡದಿಂದ ಕಾಕ್ ತಿರುವಿದಳು, ಹತ್ತು ಎಣಿಸುವಷ್ಟು ಕಾದಳು, ಹೊಡೆದಳು.

ಹಿಡಿಯಿತು.

ಯಾರು ಕೂಗಿದರೋ, ಯಾರ ಚಹಾ ಯಾರ ತಲೆಯ ಮೇಲೆ ಹೋಯಿತೋ ತಿಳಿಯಲಿಲ್ಲ. ಅವಳು ಗಾಡಿಯೇರಿ ಏರಿನ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ನನ್ನ ಎದುರಿಗೇ ನಿಲ್ಲಿಸಿದಳು. ಎಂಜಿನ್ ಬಂದ್ ಮಾಡಲಿಲ್ಲ.

"ಕೇಳು" ಅಂದಳು.

ಕೇಳಿದೆ. ಕೆಮ್ಮಿಲ್ಲ. ಗುಂಡಾಗಿ, ತುಂಬಿಕೊಂಡು, ಒಳ್ಳೆ ಹದದ ಬೀಸುವ ಕಲ್ಲಿನಂತೆ. ಆ ಬುಧವಾರ ಒಂದೇ ಒಂದು ಉಸಿರಿನಷ್ಟು ಹೊತ್ತು ಕೇಳಿದ್ದ ದನಿ.

"ಎಣಿಸಿ ಬಿಚ್ಚಿದ್ದೆ" ಎಂದಳು ಫಕ್ಕೀರವ್ವ. "ನೀ ತಿರುವಿದ್ದ ಕಾಲು ಸುತ್ತು ಸರೀ ಇತ್ತು. ಅಲ್ಲೇ ಇಟ್ಟೀನಿ."

ಗೇರು ಹಾಕಿ, ಉಳಿಯ ಚೀಲ ಕುಣಿಸುತ್ತ, ಗಿರಣಿಯ ದಾರಿ ಹಿಡಿದಳು. ಊರು ಅವಳ ಎದುರಿಗೆ ಬರುತ್ತಿತ್ತು. ಕೈಯೆತ್ತಿ ಕಳಿಸಿಕೊಡೋಣವೆಂದರೆ ನನ್ನ ಎರಡೂ ಕೈಯಲ್ಲಿ ಇನ್ನೂ ಚಹಾ ಇತ್ತು.